ತಾರಿಣಿಯ ಒಂದು ನಿಮಿಷ

"ಚಾರ್ಟ್ ಮುಗಿಸೋಕೆ ಇನ್ನು ನಾಲ್ಕೇ ನಿಮಿಷ!" ಸಮರ್‌ಸೆಟ್ ಎಂಬ ವಿದೇಶಿ ಊರಿನಲ್ಲಿ ಕನ್ನಡಿಗರು ನಡೆಸುತ್ತಿದ್ದ ಸ್ಟಾರ್ಟಪ್ ಐಡಿಯಾ ಸ್ಪರ್ಧೆಯ ನಿರೂಪಕ ಕೂಗಿದ. ತಾರಿಣಿ ಮಾರ್ಕರ್‌ನ ಮುಚ್ಚಳವನ್ನು ಟಕ್ ಟಕ್ ಎಂದು ತೆಗೆಯುತ್ತಾ ಮುಚ್ಚುತ್ತಾ ಇದ್ದಳು. ಅಲ್ಲಿನ ಆಸ್ಪತ್ರೆಗಳಲ್ಲಿ ವೈದ್ಯರ ಇಂಗ್ಲಿಷನ್ನು ರೋಗಿಗಳಿಗೆ ಕನ್ನಡದಲ್ಲಿ ಹೇಳುವುದು ಅವಳ ಕೆಲಸ. ಒಬ್ಬ ವೈದ್ಯ, ಒಬ್ಬ ವಕೀಲೆ, ಒಬ್ಬ ಇಂಜಿನಿಯರ್ ಇದ್ದ ಅವಳ ತಂಡ ಆರಿಸಿಕೊಂಡದ್ದು ಅದೇ ಕೆಲಸ ಮಾಡುವ ಆ್ಯಪನ್ನು.

"ತಾರಿಣಿ, ಒಂದು ಸೆಂಟೆನ್ಸ್ ಕನ್ನಡದಲ್ಲಿ ಹೇಳೋಕೆ ನಿಮಗೆ ಎಷ್ಟು ಟೈಮ್ ಬೇಕು?" ಇಂಜಿನಿಯರ್ ಕಶ್ಯಪ್ ಗಡಿಯಾರ ನೋಡುತ್ತಾ ಕೇಳಿದ.

"ಎರಡು ಸೆಕೆಂಡ್. ಆದ್ರೆ ಮೊನ್ನೆ ಒಬ್ರು ಆಂಟಿಗೆ, ಇನ್ನು ಟ್ರೀಟ್‌ಮೆಂಟ್ ಇಲ್ಲ ಅಂತ ಹೇಳೋಕೆ ಒಂದು ನಿಮಿಷ ಹಿಡೀತು. ಮೊದಲು ಅವರ ಕೈ ಹಿಡ್ಕೊಂಡೆ."

ವೈದ್ಯ ತಲೆ ತಗ್ಗಿಸಿದ. ಕಶ್ಯಪನ ಮುಖ ಮಾತ್ರ ಅರಳಿತು. ಅವಳ ಕೈಯಿಂದ ಮಾರ್ಕರ್ ಕಿತ್ತುಕೊಂಡು, ಚಾರ್ಟಿನಲ್ಲಿ 'ನಾವು ನಿವಾರಿಸುವ ಸಮಸ್ಯೆ' ಎಂಬುದರ ಕೆಳಗೆ ದಪ್ಪಕ್ಷರದಲ್ಲಿ ಬರೆದ: 'ಒಂದು ನಿಮಿಷದ ವಿಳಂಬ.'