ಕಪಾಟಿನ ಎರಡು ಬಾಟಲಿ

ಇಂಧನಕೋಶದಲ್ಲಿ ಪ್ಲಾಟಿನಂ ಕಣಗಳನ್ನು ಹಿಡಿದಿಟ್ಟುಕೊಳ್ಳುವಂಥ ಇದ್ದಿಲಿಗಾಗಿ ಪಿಎಚ್.ಡಿ. ವಿದ್ಯಾರ್ಥಿ ಶೇಷಾದ್ರಿ ನಾಲ್ಕು ವರ್ಷದಿಂದ ತೆಂಗಿನ ಚಿಪ್ಪು, ಕಡಲೆಕಾಯಿ ಸಿಪ್ಪೆ, ಸಿಕ್ಕಿದ್ದನ್ನೆಲ್ಲ ಸುಟ್ಟು ಅರೆದಿದ್ದ. ಎಲ್ಲವೂ ಕೈಕೊಟ್ಟಿದ್ದವು. ಇಂದು ಒಂದು ಗೆದ್ದಿತು.

"ಯಾವ ಸಿಪ್ಪೆಯಯ್ಯಾ ಇದು?" ಗೈಡ್ ಕುಣಿಯುವುದೊಂದು ಬಾಕಿ.

ಶೇಷಾದ್ರಿ ಕಪಾಟು ತೆರೆದ. ಕಡಲೆಕಾಯಿ ಇದ್ದಿಲಿನ ಬಾಟಲಿ ತುಂಬಿಯೇ ಇತ್ತು, ಪಕ್ಕದ್ದು ಖಾಲಿ.

"ಬಾಟಲಿ ಅದಲುಬದಲಾಗಿದೆ ಸರ್. ಇದು ನಮ್ಮಪ್ಪನ ಚಿತೇಲಿ ಆರಿಸಿದ ಕರಕಲು ಮೂಳೆ. ಅಸ್ಥಿ ಮನೆಯೊಳಗೆ ಇಡಬಾರದು ಅಂತ ಇಲ್ಲಿಟ್ಟಿದ್ದೆ. ನಾಳೆ ಹೊಳೆಗೆ ಬಿಡಬೇಕಿತ್ತು..."

ಗೈಡ್ ಅವನ ಬೆನ್ನು ಸವರಿದರು.

"ಒಂದೇ ಸಲ ಬಂದ ಫಲಿತಾಂಶಾನ ಯಾರೂ ಒಪ್ಪಲ್ಲ. ಇನ್ನೂ ಉಳಿದಿದೆಯಾ?"

"ಒಂದು ಚೂರೂ ಇಲ್ಲ ಸರ್."

ಗೈಡ್ ತುಸು ಯೋಚಿಸಿ ಕೇಳಿದರು: "ನಿಮ್ಮಮ್ಮನಿಗೆ ಈಗ ಎಷ್ಟು ವಯಸ್ಸಯ್ಯಾ?"