ಹ್ಯಾಂಬರ್ಗಿನಲ್ಲಿ ಎರಡು ರಾತ್ರಿ

“ಹಸುಗಳನ್ನೂ ರೈಲು ಹತ್ತಿಸ್ತೀಯೇನು?” ಎಂದ ಕಾಸ್ಪರ್, ಬೂಟು ಕಳಚದೆಯೇ ಅಡುಗೆಮನೆಯ ಬಾಗಿಲಲ್ಲಿ ನಿಂತು.

ಮೇಜಿನ ತುಂಬ ಹ್ಯಾಂಬರ್ಗಿನ ನಕ್ಷೆ ಹರಡಿಕೊಂಡು ಕೂತಿದ್ದ ಆಫ್ರಾ ತಲೆಯೆತ್ತಲಿಲ್ಲ. ನಕ್ಷೆ ಸುರುಳಿ ಸುತ್ತದಂತೆ ಒಂದು ಮೂಲೆಗೆ ಉಪ್ಪಿನ ಡಬ್ಬಿ, ಇನ್ನೊಂದಕ್ಕೆ ಬೆಣ್ಣೆಯ ತಟ್ಟೆ ಇಟ್ಟಿದ್ದಳು. ಶುಕ್ರವಾರ ಬೆಳಗಿನ ರೈಲಿಗೆ ಹೊರಡುವುದು, ಭಾನುವಾರ ಸಂಜೆ ಅಲ್ಲಿಂದ ವಾಪಸ್. ಶನಿವಾರ ದೋಣಿಯಲ್ಲಿ ಬಂದರು ಸುತ್ತಿ, ನದಿಯಡಿಯ ಹಳೆಯ ಸುರಂಗದಲ್ಲಿ ನಡೆದುಕೊಂಡೇ ಆಚೆ ದಡ ಸೇರುವುದು. ಭಾನುವಾರ ನಸುಕಿನಲ್ಲೆದ್ದು ಮೀನಿನ ಸಂತೆಗೆ ಹೋಗಿ, ನಿಂತಲ್ಲೇ ಈರುಳ್ಳಿ ಹಾಕಿದ ಮೀನಿನ ಬನ್ನು ತಿನ್ನುವುದು. ಮದುವೆಯಾಗಿ ಬೆಟ್ಟದ ಬುಡದ ಈ ಮನೆಗೆ ಬಂದ ಮೇಲೆ ಗಂಡನೂ ಅವಳೂ ಜೊತೆಯಾಗಿ ಒಂದು ರಾತ್ರಿ ಹೊರಗೆ ಮಲಗಿದವರಲ್ಲ. ಬೆಳಿಗ್ಗೆ, ಸಂಜೆ ಹಾಲು ಕರೆಯಲೇಬೇಕಲ್ಲ.

“ಏನಿದೆ ಆ ಊರಲ್ಲಿ? ಮಳೆ, ಮೀನಿನ ನಾತ. ಆ ಉತ್ತರದೋರಿಗೆ ನಗೋಕೂ ಬರಲ್ಲ.”

“ಹಡಗಿದೆ.”

“ಹಡಗು ನೋಡಿ ಏನ್ಮಾಡ್ತೀಯೆ?”

“ಹುಟ್ಟಿದಾಗಿಂದ ಈ ಬೆಟ್ಟಗಳನ್ನೇ ನೋಡ್ತಿದೀನಿ ಕಾಸ್ಪರ್. ಒಂದಾದ್ರೂ ಎದ್ದು ಹೋಗಿದ್ದುಂಟಾ? ಬೆಟ್ಟದಷ್ಟು ದೊಡ್ಡದೊಂದು ನನ್ನ ಕಣ್ಣೆದುರಿಗೇ ಹೊರಟು ಹೋಗೋದನ್ನ ನಾನು ನೋಡ್ಬೇಕು.”

ಕಾಸ್ಪರ್ ಹಳೆಯ ಪಟ್ಟನ್ನೇ ಹಾಕಿದ. “ಸರಿ, ಹಾಲು ಕರೆಯೋರ್ಯಾರು? ಬದಲಿ ಆಳು ಹುಲ್ಲುಕೊಯ್ಲು ಮುಗಿಯೋವರೆಗೂ ಆಗಲ್ಲ ಅಂದಿದಾನೆ.”

“ವೀಟಸ್ ಕರೀತಾನೆ.”

ಆ ಹೆಸರು ಆ ಮನೆಯೊಳಗೆ ಕೇಳಿಸಿ ಎಷ್ಟೋ ವರ್ಷಗಳಾಗಿದ್ದವು. ವೀಟಸನ ಮನೆ ರಸ್ತೆಯಾಚೆಗೇ ಇತ್ತು. ಗಡಿಯಲ್ಲಿದ್ದ ಅವನ ಅಕ್ರೋಟ ಮರದ ನೆರಳು ತನ್ನ ಹುಲ್ಲುಗಾವಲಿಗೆ ಬೀಳುತ್ತದೆಂದು ಕಾಸ್ಪರ್ ಅದನ್ನು ಕಡಿದು ಹಾಕಿದ್ದ, ಹೇಳದೆ ಕೇಳದೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಇಗರ್ಜಿಯಲ್ಲಿ ಒಬ್ಬ ಎಡಕ್ಕೆ ಕೂತರೆ ಇನ್ನೊಬ್ಬ ಬಲಕ್ಕೆ.

“ನೀನು ಅವನ ಮನೆಗೆ ಹೋಗಿದ್ಯಾ?”

“ಹೋಗಿದ್ದೆ. ಕಾಫಿ ಕೊಟ್ಟ. ತನ್ನ ಹಸುಗಳನ್ನೆಲ್ಲ ಮಾರಿದ ಮೇಲೆ ಪುರುಸೊತ್ತಿದೆ, ಕರೀತೀನಿ ಅಂದ. ಆದ್ರೆ ನೀನೇ ಬಂದು ಕೇಳ್ಬೇಕಂತೆ.”

“ನಾನಾ? ಅವನ ಬಾಗಿಲಿಗಾ? ಸತ್ತರೂ ಇಲ್ಲ.”

“ಸಾಯ್ಬೇಡ. ಇಬ್ಬರಿಗೂ ಟಿಕೆಟ್ ತಗೊಂಡಾಗಿದೆ. ನೀನು ಬರ್ದಿದ್ರೆ ನಿನ್ನ ಸೀಟಲ್ಲಿ ನನ್ನ ಚೀಲ ಕೂತ್ಕೊಂಡು ಬರತ್ತೆ.”

ಹೇಳಿದ್ದೇನೋ ಹಗುರಾಗಿಯೇ. ಆದರೆ ಜಿಲ್ಲೆಯ ಪಟ್ಟಣ ದಾಟಿ ಅವಳು ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಆದರೂ ಈ ಸಲ ಬಿಟ್ಟರೆ ಇನ್ನೆಂದೂ ಹೊರಡುವುದಿಲ್ಲ ಎಂಬುದು ಅವಳಿಗೆ ಖಚಿತವಾಗಿತ್ತು. ಮಾರನೆಯ ದಿನ ಅಟ್ಟದಿಂದ ಪೆಟ್ಟಿಗೆ ಇಳಿಸಿ, ಒರೆಸಿ, ತನ್ನ ಬಟ್ಟೆಗಳನ್ನಷ್ಟೇ ಜೋಡಿಸಿದಳು. ಅರ್ಧ ಪೆಟ್ಟಿಗೆ ಖಾಲಿ. ಅದನ್ನು ಹಾಗೆಯೇ ಬಾಯಿ ತೆರೆದು ಮಂಚದ ಮೇಲಿಟ್ಟಳು. ಕಾಸ್ಪರ್ ನೋಡಿದ. ಊಟಕ್ಕೆ ಕೂತವನು ಸೂಪಿನ ಜೊತೆಗೂ ಜಗಳವಾಡುವವನಂತೆ ಕುಡಿದು ಎದ್ದುಹೋದ.

ಗುರುವಾರ ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದ ಆಫ್ರಾ ಕಿಟಕಿಯಲ್ಲಿ ಕಂಡದ್ದನ್ನು ನಂಬದೆ ಕೈ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. ಕಾಸ್ಪರ್ ಇಗರ್ಜಿಗೆ ಹೋಗುವಾಗಿನ ಕೋಟು ತೊಟ್ಟು ರಸ್ತೆ ದಾಟುತ್ತಿದ್ದ. ವೀಟಸನ ಬಾಗಿಲು ತಟ್ಟಿ, ಟೊಪ್ಪಿಗೆ ತೆಗೆದು ಎದೆಗೆ ಹಿಡಿದುಕೊಂಡ. ಬಾಗಿಲು ತೆರೆಯಿತು. ಕಾಸ್ಪರನ ತಲೆ ಒಮ್ಮೆ ಅಲ್ಲಾಡಿ ನಿಂತಿತು, ಮತ್ತೆ ಅಲ್ಲಾಡಿತು. ಅವನು ಏನಂದನೋ ಅವಳಿಗೆ ಕೇಳಿಸಲಿಲ್ಲ. ವೀಟಸ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಾಗಿಲು ಹಾಕಿಕೊಂಡ.

ಕಾಸ್ಪರ್ ಅಲ್ಲೇ ನಿಂತಿದ್ದ. ತಿರುಗಿ ಬರುತ್ತಾನೆ, ಇನ್ನು ಬದುಕಿರುವ ತನಕ ನನ್ನನ್ನು ಹಂಗಿಸುತ್ತಾನೆ ಎಂದುಕೊಂಡಳು ಆಫ್ರಾ. ಅಷ್ಟರಲ್ಲಿ ಬಾಗಿಲು ಮತ್ತೆ ತೆರೆಯಿತು. ವೀಟಸ್ ಹೊರಗೆ ಬಂದ. ಕಾಲಲ್ಲಿ ರಬ್ಬರ್ ಬೂಟು, ಮೈಮೇಲೆ ಕೊಟ್ಟಿಗೆಯ ಹಳೆಯ ಏಪ್ರನ್.

ಅವಳು ಹಿಂಬಾಗಿಲಿನಿಂದ ಓಡಿ ಕೊಟ್ಟಿಗೆ ಸೇರುವಷ್ಟರಲ್ಲಿ ಗಂಡಸರಿಬ್ಬರೂ ಹಸುಗಳ ನಡುವೆ ಇದ್ದರು.

“ಇವಳ ಹತ್ರ ಎಡಗಡೆಯಿಂದ ಹೋಗ್ಬೇಡ. ಒದೀತಾಳೆ,” ಎನ್ನುತ್ತಿದ್ದ ಕಾಸ್ಪರ್.

“ನಂಗೇ ಹೇಳ್ಕೊಡ್ತೀಯಾ? ಇವಳಜ್ಜೀನ ನಿಂಗೆ ಮಾರಿದ್ದೇ ನಾನು. ಅವಳೂ ಒದೀತಿದ್ಲು.”

“ಗೊತ್ತಿದ್ದೂ ಹೇಳ್ದೆ ಮಾರಿದ್ಯೇನೋ, ಕಳ್ಳ?”

“ಹೇಳ್ದೆ ಮಾಡೋದ್ರಲ್ಲಿ ನಿನ್ನನ್ನ ಮೀರಿಸ್ತೀನಾ ನಾನು?”

ಕಾಸ್ಪರನ ಕಿವಿ ಕೆಂಪಾಯಿತು, ಕುತ್ತಿಗೆ ಕೆಂಪಾಯಿತು. ಆಮೇಲೆ ಮೂಗಿನಿಂದ ಫುಸ್ಸೆಂದು ಒಂದು ನಗು ಹೊರಬಂತು. ತಡೆಯಲು ನೋಡಿ ಆಗದೆ, ಹಸುಗಳು ತಿರುಗಿ ನೋಡುವ ಹಾಗೆ ಅವನು ಗಟ್ಟಿಯಾಗಿ ನಕ್ಕುಬಿಟ್ಟ. ವೀಟಸನೂ ನಕ್ಕ. ಬಾಗಿಲಲ್ಲಿ ನಿಂತ ಹೆಂಡತಿಯನ್ನು ಆಗ ಕಂಡ ಕಾಸ್ಪರ್ ಕಣ್ಣೊರೆಸಿಕೊಳ್ಳುತ್ತಲೇ ಗದರಿದ: “ಏನು ನೋಡ್ತಾ ನಿಂತಿದೀಯೆ? ನೀರಿನ ಮೇಲೆ ಗಾಳಿ ಇರತ್ತಂತೆ. ನನ್ನ ದಪ್ಪ ಸ್ವೆಟರು ಇಟ್ಕೋ!”

ಗೆದ್ದ ಖುಷಿಗೆ ಆಫ್ರಾಳಿಗೆ ಅಲ್ಲಿಯೇ ಕುಣಿಯಬೇಕೆನ್ನಿಸಿತು. ಮನೆಯ ಕಡೆ ತಿರುಗಿದವಳು ವೀಟಸನಿಗೆ ಒಂದು ಒಳ್ಳೆಯ ಮಾತು ಹೇಳಿ ಹೋಗೋಣವೆಂದು ನಿಂತಳು. ವೀಟಸ್ ಅಷ್ಟರಲ್ಲಿ ಆ ಹಸುವಿನ ಬಲಗಡೆ ಕುಕ್ಕರಗಾಲಲ್ಲಿ ಕೂತು, ಅದರ ಪಕ್ಕೆಗೆ ಹಣೆಯಾನಿಸಿದ್ದ. ಹಸು ಉಸಿರಾಡಿದಂತೆಲ್ಲ ಅವನ ತಲೆಯೂ ಮೆಲ್ಲಗೆ ಏರಿ ಇಳಿಯುತ್ತಿತ್ತು.

“ಎರಡೇ ರಾತ್ರಿನಾ ಆಫ್ರಾ?” ಎಂದ, ಮುಚ್ಚಿದ ಕಣ್ಣು ತೆರೆಯದೆ. “ಅಷ್ಟು ದೂರ ಹೋಗ್ತಿದೀರಿ. ಒಂದು ವಾರ ಇದ್ದು ಬರ್ಬಾರ್ದಾ?”