ಕಲ್ಲಿಗೆ ಮರ್ಯಾದೆ

ಬಂಡೆಗುಡ್ಡಗಳ ನಡುವಿನ ಹಳೆಯ ಊರುಗಳನ್ನು ಸೈಕಲ್ಲಿನಲ್ಲಿ ಸುತ್ತುತ್ತಿದ್ದ ಮೇಷ್ಟ್ರು ಗಕ್ಕನೆ ಬ್ರೇಕ್ ಹಾಕಿದರು. ಬಾವಿಯ ಪಕ್ಕ ಅಜ್ಜಿಯೊಬ್ಬಳು ವೀರಗಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು.

"ಅಯ್ಯೋ, ಊರಿಗಾಗಿ ಸತ್ತವನ ಕಲ್ಲಮ್ಮ ಇದು! ಎಂಟುನೂರು ವರ್ಷದ್ದು!"

"ಹೌದಾ ಸ್ವಾಮಿ? ಅದ್ಕೇ ಇಷ್ಟು ಗಟ್ಟಿಯಾಗೈತೆ."

ಮೇಷ್ಟ್ರು ಬೇವಿನ ನೆರಳಿನಲ್ಲಿದ್ದ ಗುಂಡುಕಲ್ಲಿನ ಮೇಲೆ ಕೂತು, ಕಲ್ಲಿನ ಬೆಲೆ ತಿಳಿಯದ ಜನರನ್ನು ಅರ್ಧ ಗಂಟೆ ಬೈದರು. ಅಜ್ಜಿ ಬಟ್ಟೆ ಹಿಂಡಿಕೊಂಡು ಮನೆಗೆ ಹೋದವಳು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು.

ಮೇಷ್ಟ್ರ ಮುಖ ಅರಳಿತು. "ಈಗ ಬುದ್ಧಿ ಬಂತು ನೋಡು. ಪೂಜೆ ಮಾಡಮ್ಮ."

ಅಜ್ಜಿ ವೀರಗಲ್ಲನ್ನು ದಾಟಿ ಅವರ ಎದುರಿಗೇ ಬಂದು ನಿಂತಳು.

"ಹಂಗಾದ್ರೆ ಒಸಿ ಎದ್ದೇಳಿ ಸ್ವಾಮಿ. ನೀವು ಕುಂತಿರೋದು ನಮ್ಮೂರ ದ್ಯಾವ್ರು ಕರಿಯಮ್ಮನ ತಲೆ ಮ್ಯಾಲೆ."